ಎರಡನೆಯ ಬಿಪ್

ಹತ್ತುವಾಗ ಒಂದು ಸದ್ದು: ಬಿಪ್.
ಇಳಿಯುವಾಗ ಏನೂ ಇಲ್ಲ.
ಸಾಂತಿಯಾಗೊದ ಬಸ್ಸುಗಳಿಗೆ
ಜನ ಬಂದದ್ದು ಗೊತ್ತು, ಹೋದದ್ದು ಗೊತ್ತಿಲ್ಲ.
ಆ ಗೊತ್ತಿಲ್ಲದ್ದೇ ನನ್ನ ಸಂಬಳ.

ಮೂರನೇ ಮಹಡಿ, ಮುಚ್ಚಿದರೂ ಗಾಳಿ ನುಗ್ಗುವ ಕಿಟಕಿ,
ಪರದೆಯ ಮೇಲೆ ನಿನ್ನೆಯ ಲಕ್ಷಾಂತರ ಸಾಲು:
ಕಾರ್ಡಿನ ಸಂಖ್ಯೆ, ಬಸ್ಸಿನ ಸಂಖ್ಯೆ, ಗಂಟೆ, ನಿಮಿಷ, ಸೆಕೆಂಡು.
ಹೆಸರಿಲ್ಲ. ಹೆಸರು ಕೇಳುವ ಹಾಗಿಲ್ಲ.
ಆದರೂ ಎಷ್ಟೋ ಮಂದಿ ಪರಿಚಯ ನನಗೆ,
ಗೋಡೆಯಾಚೆಯ ಮನೆಯವರು ಬರೀ ಕೆಮ್ಮಿನಿಂದಲೇ
ಪರಿಚಯವಾಗಿಬಿಡುವ ಹಾಗೆ.

ಬೆಳಗಿನ ಜಾವ ಪುಯೆಂತೆ ಆಲ್ತೊದಲ್ಲಿ ಹತ್ತಿದ ಕಾರ್ಡು
ಸಂಜೆ ಪ್ರೊವಿದೆನ್ಸಿಯಾದಲ್ಲಿ ಮತ್ತೆ ಕೂಗಿದರೆ
ಅಲ್ಲೇ ಆಸುಪಾಸು ಇಳಿದಿರಬೇಕು ಎಂದು ಬರೆಯುತ್ತೇನೆ.
ಇಷ್ಟೇ ವಿದ್ಯೆ:
ಮುಂದೆ ಎಲ್ಲಿ ಹತ್ತಿದರೋ ಅದೇ
ಹಿಂದೆ ಇಳಿದ ಜಾಗ.
ನಡುವೆ ಅವರು ಯಾರ ನೆಲ ಒರೆಸಿದರು,
ಯಾರ ಹತ್ತಿರ ಬೈಸಿಕೊಂಡರು,
ಒಂಬತ್ತು ಗಂಟೆಯ ಬಿಳಿ ಜಾಗ ಹೇಳುವುದಿಲ್ಲ.

ಎರಡು ವರ್ಷ ಆರು ಹತ್ತಕ್ಕೇ ಹತ್ತುತ್ತಿದ್ದ ಒಂದು ಕಾರ್ಡು
ಮೇ ತಿಂಗಳಿಂದ ಆರು ನಾಲ್ಕಕ್ಕೆ ಹತ್ತುತ್ತಿದೆ.
ಬಸ್ಸಿನ ವೇಳೆ ಬದಲಾಗಿಲ್ಲ, ನೋಡಿದೆ.
ಆರು ನಿಮಿಷ.
ಗಡಿಯಾರ ಕೆಟ್ಟಿತೋ, ನಿದ್ದೆ ಕೆಟ್ಟಿತೋ,
ಆ ಬಸ್ಸಿನಲ್ಲಿ ಯಾರಾದರೂ ಸಿಗುತ್ತಾರೋ.
ವರದಿಯಲ್ಲಿ ಬರೆದೆ: "ಗಮನಾರ್ಹ ವ್ಯತ್ಯಾಸವಿಲ್ಲ."

ಕೆಲಸಕ್ಕೆ ಸೇರಿದ ದಿನ ಅನ್ಸೆಲ್ಮೊ ಹೇಳಿಕೊಟ್ಟಿದ್ದ:
ಒಂದೇ ಕಾರ್ಡು, ಒಂದೇ ಯಂತ್ರ,
ಹತ್ತು ಸೆಕೆಂಡಿನೊಳಗೆ ಎರಡು ಸಲ ಕೂಗಿದರೆ
ಎರಡನೆಯದು ತಪ್ಪು.
ಕೈ ನಡುಗಿರುತ್ತದೆ. ಅಳಿಸಿಬಿಡು.
ಅಳಿಸಿದೆ. ಏಳು ವರ್ಷ,
ಬೇಳೆಯಿಂದ ಕಲ್ಲು ಆರಿಸಿದ ಹಾಗೆ.

ಜುಲೈ. ಬೆಟ್ಟದ ಹಿಮ ನಗರಕ್ಕೇ ಇಳಿದು ಬಂದಂಥ ಚಳಿ.
ನಾನೂ ಬಸ್ಸಿನಲ್ಲಿ, ಕಂಬ ಹಿಡಿದು, ಒಂದು ಸಾಲಾಗಿ.
ಮುಂಬಾಗಿಲಲ್ಲಿ ಬೆರಳು ಕತ್ತರಿಸಿದ ಕೈಗವಸಿನ ಹೆಂಗಸು
ಕಾರ್ಡು ತೋರಿಸಿದಳು. ಬಿಪ್.
ತಿರುಗಿ, "ಲಿಸಾಂದ್ರೊ, ಬಾ, ಬಾಗಿಲು ಹಾಕ್ತಾರೆ" ಅಂದಳು.
ಅದೇ ಕಾರ್ಡು ಮತ್ತೊಮ್ಮೆ. ಬಿಪ್.
ಹಿಂದೆಯೇ ಮುದುಕ ಹತ್ತಿದ,
ಹಳೆಯ ಹೊಲಿಗೆ ಯಂತ್ರವೊಂದನ್ನು
ನಿದ್ದೆಹೋದ ಮಗುವಿನಂತೆ ಹೆಗಲಿಗೆ ಆನಿಸಿಕೊಂಡು.

ಎಣಿಸಿದ್ದೆ, ಅಭ್ಯಾಸಬಲ. ನಾಲ್ಕು ಸೆಕೆಂಡು.
ನನ್ನ ನಿಯಮದ ಪ್ರಕಾರ
ಆತ ಅವಳ ಕೈಯ ನಡುಕ.

ನಡುಕ ನನ್ನ ಪಕ್ಕದಲ್ಲೇ ನಿಂತಿತು.
ಅದರ ಒದ್ದೆ ತೋಳು ನನ್ನ ತೋಳಿಗೆ ತಾಗುತ್ತಿತ್ತು,
ಎಣ್ಣೆಯ ವಾಸನೆ, ಈರುಳ್ಳಿಯ ವಾಸನೆ.
"ಸ್ವಲ್ಪ ಸರೀತೀಯಾ ಮಗಳೇ, ಇದು ಭಾರ" ಅಂದಿತು.
ಸರಿದೆ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಇದ್ದಕ್ಕಿದ್ದಂತೆ ಬಸ್ಸು ತುಂಬಿಕೊಂಡಿತು ನನ್ನ ಕಣ್ಣಿಗೆ:
ಅಕ್ಕನ ಕಾರ್ಡಿನಲ್ಲಿ ಬಂದ ತಂಗಿ,
ತಿಂಗಳ ಕೊನೆಗೆ ಗೆಳೆಯನ ಕಾರ್ಡಿನಲ್ಲಿ ಬಂದ ಗೆಳೆಯ,
"ನನ್ನದರಲ್ಲಿ ದುಡ್ಡಿಲ್ಲ" ಅಂದ ಅಪರಿಚಿತೆಗೆ
ಯಾರೋ ಕೂಗಿಸಿಕೊಟ್ಟ ಎರಡನೆಯ ಬಿಪ್.
ಈ ಊರಲ್ಲಿ ಒಬ್ಬರು ಇನ್ನೊಬ್ಬರನ್ನು ಕರೆದೊಯ್ದ ದಾಖಲೆ
ಅದೊಂದೇ ಇತ್ತು. ಅದನ್ನೇ
ಬೆಳಿಗ್ಗೆ ಕಾಫಿ ಆರುವ ಮೊದಲು ಗುಡಿಸಿ ಹಾಕುತ್ತಿದ್ದೆ.

ಅವರಿಬ್ಬರು ಎಲ್ಲಿ ಇಳಿದರೋ ನೋಡಲಿಲ್ಲ.
ಕಿಟಕಿ ಮಬ್ಬು. ಜನ ನೂಕಿದರು.
ತಿರುಗಿದಾಗ ಕಂಬದ ಬಳಿ ಬರೀ ಜಾಗ.

ಸೋಮವಾರ ಆ ಒಂದು ಸಾಲು ತೆಗೆದು ಯಂತ್ರ ಓಡಿಸಿದೆ.
ಊಟದ ಹೊತ್ತಿಗೆ ಅನ್ಸೆಲ್ಮೊ ಬಂದ, ಕನ್ನಡಕ ಹಣೆಗೇರಿಸಿ:
"ಜೂನ್ ತಿಂಗಳೊಂದರಲ್ಲೇ ಇಷ್ಟು ಜನ ಎಲ್ಲಿಂದ ಬಂದರು?"
"ಹಿಂದಿನ ಮೆಟ್ಟಿಲ ಮೇಲಿದ್ದರು."
ಸುಮ್ಮನೆ ನೋಡಿದ. ಆಮೇಲೆ,
"ಇದರಲ್ಲಿ ನಿಜವಾಗಿ ಕೈ ನಡುಗಿದ್ದೂ ಇರುತ್ತದಲ್ಲ?"

"ಇರುತ್ತದೆ," ಅಂದೆ.
"ಅವೂ ಹತ್ತಲಿ."